ಅಪಘಾತದ ದಿನ ಯಾವುದು? ಕಾರ್ಮಿಕ ಪರಿಹಾರದ ಕಾಲಮಿತಿ ಮತ್ತು ಕೋಲಾರದ ಗಣಿಧೂಳು

1880ರ ಬ್ರಿಟನ್ನಿನ ಉದ್ಯೋಗದಾತರ ಹೊಣೆಗಾರಿಕೆ ಕಾಯಿದೆಯು, ಗಾಯಗೊಂಡ ಕಾರ್ಮಿಕನು 6 ವಾರಗಳೊಳಗೆ ಮಾಲೀಕನಿಗೆ ಸೂಚನೆ ನೀಡಬೇಕೆಂದೂ 6 ತಿಂಗಳೊಳಗೆ ದಾವೆ ಹೂಡಬೇಕೆಂದೂ ವಿಧಿಸಿತ್ತು. 1897ರ ಕಾಯಿದೆಯು ತಪ್ಪು ಯಾರದೆಂಬ ಪ್ರಶ್ನೆಯನ್ನು ಬಹುಮಟ್ಟಿಗೆ ಬದಿಗಿಟ್ಟು ಪರಿಹಾರವನ್ನು ಹಕ್ಕಾಗಿಸಿತಾದರೂ 6 ತಿಂಗಳ ಗಡುವನ್ನು ಉಳಿಸಿಕೊಂಡಿತು. 1924ರ ಜುಲೈ 1ರಂದು ಜಾರಿಗೆ ಬಂದ ಭಾರತದ 1923ರ ಕಾರ್ಮಿಕ ಪರಿಹಾರ ಕಾಯಿದೆಯ 10ನೆಯ ಪ್ರಕರಣಕ್ಕೂ ಇದೇ ಮಾದರಿ.

ಸಾಕ್ಷಿಗಳು ಚದುರುವ ಮೊದಲೇ ವಿಚಾರಣೆ ನಡೆಯಲಿ ಎಂಬುದು ಈ ಗಡುವಿನ ಸಮರ್ಥನೆ. ಯಂತ್ರಕ್ಕೆ ಸಿಕ್ಕಿದ ಕೈಯ ವಿಷಯದಲ್ಲಿ ಅದು ಅಷ್ಟೇನೂ ಅಸಂಗತವಲ್ಲ. ಅಲ್ಲಿ ದಿನವೂ ಗಳಿಗೆಯೂ ಖಚಿತ. ಆದರೆ ಓದುಬರಹವಿಲ್ಲದ, ಆಸ್ಪತ್ರೆಯಲ್ಲಿ ಮಲಗಿದ ಕೂಲಿಯವನಿಗೆ 6 ತಿಂಗಳು ಸಾಲದಾಯಿತು. ಅವಧಿ ಮೊದಲು 1 ವರ್ಷಕ್ಕೆ, 1962ರ ತಿದ್ದುಪಡಿಯಿಂದ 2 ವರ್ಷಕ್ಕೆ ಏರಿತು. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರವೂ ಆಯುಕ್ತರಿಗಿತ್ತು. ಅವಧಿ ಹಿಗ್ಗಿತೇ ಹೊರತು, ಹಾನಿಗೊಂದು ನಿರ್ದಿಷ್ಟ ದಿನವಿರುತ್ತದೆ ಎಂಬ ಮೂಲ ಗ್ರಹಿಕೆ ಕದಲಲಿಲ್ಲ.

ಆ ಗ್ರಹಿಕೆಯನ್ನು ಒರೆಗೆ ಹಚ್ಚಿದ ನೆಲ ಕೋಲಾರದ ಚಿನ್ನದ ಗಣಿ. ಇಲ್ಲಿ ಚಿನ್ನವಿದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಅದನ್ನು ಕೊರೆದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಸಾಮಾನ್ಯವಾಗಿ ಹತ್ತಾರು ವರ್ಷಗಳ ಬಳಿಕ ಸಿಲಿಕೋಸಿಸ್ ಆಗಿ ತಲೆದೋರುತ್ತದೆ. ಕೆಲಸ ಬಿಟ್ಟ ಮೇಲೂ ಉಲ್ಬಣಿಸುತ್ತದೆ. 1940–46ರ ನಡುವೆ ಇಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ. 40ಕ್ಕೂ ಮಿಕ್ಕವರಲ್ಲಿ ಈ ರೋಗ ಕಂಡುಬಂದಿತು. ಇವರಲ್ಲಿ ಯಾರೊಬ್ಬನ 'ಅಪಘಾತ' ಯಾವ ದಿನ ನಡೆಯಿತು?

ಶಾಸನವು ಇದಕ್ಕೆ ಕಲ್ಪನೆಯಿಂದ ಉತ್ತರಿಸಿತು. ಔದ್ಯೋಗಿಕ ರೋಗದಲ್ಲಿ, ರೋಗದಿಂದ ಅಶಕ್ತನಾಗಿ ಕಾರ್ಮಿಕನು ಸತತವಾಗಿ ಗೈರುಹಾಜರಾದ ಅವಧಿಯ ಮೊದಲ ದಿನವನ್ನೇ ಅಪಘಾತದ ದಿನವೆಂದು ಭಾವಿಸತಕ್ಕದ್ದು. ಮುಂದೆ ಸೇರಿದ ಮತ್ತೊಂದು ಉಪಬಂಧದಂತೆ, ಕೆಲಸ ಬಿಟ್ಟ 2 ವರ್ಷಗಳೊಳಗೆ ರೋಗಲಕ್ಷಣ ತೋರಿದರೆ ಅದನ್ನು ಮೊದಲು ಪತ್ತೆಹಚ್ಚಿದ ದಿನವೇ ಅಪಘಾತದ ದಿನ. ಗಡುವಿನ ಉದ್ದಕ್ಕಿಂತ ಅದರ ಆರಂಭಬಿಂದುವನ್ನು ಬದಲಿಸಿದ ಈ ಮಾತುಗಳೇ ಹೆಚ್ಚು ಮಹತ್ತ್ವದವು. ಆದರೂ 2 ವರ್ಷವೆಂಬುದು ಗಣಿರೋಗದ ಗತಿಯನ್ನರಿತ ಲೆಕ್ಕವಲ್ಲ. ಗಣಿಗೆ ಬಂದವರಲ್ಲಿ ಉತ್ತರ ಆರ್ಕಾಟು, ಚಿತ್ತೂರು ಸೀಮೆಯವರು ಅನೇಕರು. ಊರಿಗೆ ಮರಳಿದವನ ಕೆಮ್ಮನ್ನು ಕ್ಷಯವೆಂದು ತಿಳಿಯುವುದು ಸುಲಭವಾಗಿತ್ತು.

ಬ್ರಿಟನ್ನಿನಲ್ಲಿಯೂ ಈ ತೊಡಕು ತಲೆದೋರಿತು. ಉಕ್ಕಿನ ಎರಕದ ಕಾರ್ಖಾನೆಯ ಧೂಳಿನಿಂದ ರೋಗಪೀಡಿತರಾದವರ ದಾವೆಗಳು, ಅವರು ರೋಗವನ್ನು ಅರಿಯುವ ಮೊದಲೇ ಕಾಲಬಾಧಿತವಾಗಿದ್ದವೆಂದು 1963ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಅದೇ ವರ್ಷ ಅಲ್ಲಿನ ಸಂಸತ್ತು ಕಾಯಿದೆ ತಿದ್ದಿ, ಕಾರ್ಮಿಕನ ಅರಿವಿಗೆ ಮಾನ್ಯತೆ ನೀಡಿತು. ಭಾರತದ ಉಪಬಂಧವಾದರೋ ಲಕ್ಷಣದ ಪತ್ತೆಯನ್ನು ಒಪ್ಪಿಯೂ ಅದನ್ನು ಕೆಲಸ ಬಿಟ್ಟ ದಿನಕ್ಕೆ ಕಟ್ಟಿಹಾಕಿತು.

ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಂದೇ ಹೊರಬಂದವನೆಂದು ಎಣಿಸಿದರೆ, ಲಕ್ಷಣ ತೋರಲು ಉಪಬಂಧವಿತ್ತ ಅವಕಾಶ 2003ರ ಫೆಬ್ರವರಿಗೆ ಮುಗಿಯಿತು. ಆಮೇಲೆ ಉಸಿರು ಕಟ್ಟಿದವನಿಗೆ ಉಳಿದ ಆಸರೆ ಆಯುಕ್ತರ ವಿವೇಚನೆಯೊಂದೇ. 2009ರ ತಿದ್ದುಪಡಿಯಿಂದ ನೌಕರರ ಪರಿಹಾರ ಕಾಯಿದೆಯೆಂಬ ಹೆಸರು ಪಡೆದ ಈ ಶಾಸನದ ಸ್ಥಾನಕ್ಕೆ 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಬಂದಿತು.