ಅಂಡಾಶಯದ ಡರ್ಮಾಯ್ಡ್ ಗಡ್ಡೆಯ ಕ್ಯಾನ್ಸರ್ ರೂಪಾಂತರ

ಅಂಡಾಶಯದ ಡರ್ಮಾಯ್ಡ್ ಗಡ್ಡೆಯ ಕ್ಯಾನ್ಸರ್ ರೂಪಾಂತರವು, ಅಂಡಾಶಯದಲ್ಲಿ ಬೆಳೆದ ನಿರಪಾಯಕಾರಿ ಚೀಲಗಡ್ಡೆಯೊಂದು ಕಾಲಾಂತರದಲ್ಲಿ ಕ್ಯಾನ್ಸರಿಗೆ ತಿರುಗುವ ವಿರಳ ಸ್ಥಿತಿಯಾಗಿದೆ. ಇಂಥ ಗಡ್ಡೆಗಳಲ್ಲಿ ಶೇಕಡಾ 1ರಿಂದ 2ರಷ್ಟು ಮಾತ್ರ ಹೀಗೆ ಬದಲಾಗುತ್ತವೆ.

ಸ್ವರೂಪ

ಅಂಡಾಶಯದ ಸಿಸ್ಟ್‌ಗಳೆಲ್ಲ ಒಂದೇ ಬಗೆಯವಲ್ಲ. ಋತುಚಕ್ರದ ಅಂಗವಾಗಿ ಮೂಡುವ ನೀರುಗುಳ್ಳೆಗಳು ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಕರಗುತ್ತವೆ. ಡರ್ಮಾಯ್ಡ್ ಗಡ್ಡೆ ಹುಟ್ಟುವುದು ಅಂಡವಾಗಬೇಕಾದ ಜೀವಕೋಶದಿಂದ. ಆ ಕೋಶಕ್ಕೆ ದೇಹದ ನಾನಾ ಬಗೆಯ ಅಂಗಾಂಶಗಳಾಗಿ ಬೆಳೆಯುವ ಶಕ್ತಿಯಿರುವುದರಿಂದ ಗಡ್ಡೆಯೊಳಗೆ ಚರ್ಮ, ಕೂದಲು, ಜಿಡ್ಡು, ಕೆಲವೊಮ್ಮೆ ಹಲ್ಲು ಕೂಡ ಇರುತ್ತವೆ. ಇದಕ್ಕೂ ಗರ್ಭಧಾರಣೆಗೂ ಸಂಬಂಧವಿಲ್ಲ. ಅವಿವಾಹಿತ ಯುವತಿಯರಲ್ಲಿಯೂ ಇದು ಕಂಡುಬರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗುತ್ತದೆ. ಕ್ಯಾನ್ಸರ್ ಬಹುಪಾಲು ಚರ್ಮದ ಪದರದಲ್ಲಿ ಹುಟ್ಟುತ್ತದೆ. ಸುಮಾರು ಶೇಕಡಾ 80ರಷ್ಟು ಪ್ರಕರಣಗಳು ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಬಗೆಯವು.

ಎಂಡೋಮೆಟ್ರಿಯೋಸಿಸ್‌ನಿಂದಾಗುವ 'ಚಾಕೊಲೇಟ್ ಸಿಸ್ಟ್' ಸಹ ಅಪರೂಪಕ್ಕೆ ಕ್ಯಾನ್ಸರ್ ಆಗಬಲ್ಲದು. ಅಮೆರಿಕದ ಸ್ತ್ರೀರೋಗತಜ್ಞ ಜಾನ್ ಸ್ಯಾಂಪ್ಸನ್ ಇದನ್ನು 1925ರಲ್ಲಿ ವಿವರಿಸಿದರು.

ಪತ್ತೆ

ಡರ್ಮಾಯ್ಡ್ ಗಡ್ಡೆ ಹೆಚ್ಚಾಗಿ ಕಾಣುವುದು ಸಂತಾನಯೋಗ್ಯ ವಯಸ್ಸಿನಲ್ಲಿ. ಅದು ಕ್ಯಾನ್ಸರಿಗೆ ತಿರುಗುವುದು ಹೆಚ್ಚಾಗಿ ಮುಟ್ಟು ನಿಂತ ಬಳಿಕ. ಹಿಂದೆಂದೋ ಸ್ಕ್ಯಾನಿಂಗಿನಲ್ಲಿ ಕಂಡ ಗಡ್ಡೆಯನ್ನು 'ನೋವಿಲ್ಲ' ಎಂದು ಮರೆತುಬಿಡುವುದು ಈ ಕಾರಣದಿಂದ ಅಪಾಯಕರ. 10 ಸೆಂ.ಮೀ.ಗಿಂತ ದೊಡ್ಡದಾದ, ಬೇಗ ಬೆಳೆಯುವ, ಒಳಗೆ ಗಟ್ಟಿ ಭಾಗವಿರುವ ಗಡ್ಡೆಗಳು ಸಂಶಯಾಸ್ಪದ. ಹೊಟ್ಟೆಯುಬ್ಬರ, ಕಿಬ್ಬೊಟ್ಟೆಯ ನೋವು, ತೂಕ ಇಳಿಯುವುದು ಇವು ಲಕ್ಷಣಗಳು. ಅಲ್ಟ್ರಾಸೌಂಡ್, ಎಂ.ಆರ್.ಐ. ಮತ್ತು ರಕ್ತಪರೀಕ್ಷೆಗಳು ಸುಳಿವು ನೀಡುತ್ತವೆಯಾದರೂ, ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗಲೇ ರೋಗ ಖಚಿತವಾಗುತ್ತದೆ. ಅನೇಕರಲ್ಲಿ ಶಸ್ತ್ರಚಿಕಿತ್ಸೆಯ ನಂತರವೇ ಇದು ತಿಳಿಯುವುದುಂಟು. ಆದ್ದರಿಂದ ತೆಗೆದ ಗಡ್ಡೆ ಎಷ್ಟೇ ಸಾಮಾನ್ಯವೆನಿಸಿದರೂ ಪ್ರಯೋಗಾಲಯಕ್ಕೆ ಕಳುಹಿಸತಕ್ಕದ್ದು.

ಚಿಕಿತ್ಸೆ

ಗಡ್ಡೆಯನ್ನು ಒಡೆಯದಂತೆ ಇಡಿಯಾಗಿ ತೆಗೆಯುವುದು ಮುಖ್ಯ. ರೋಗ ಹರಡಿದ್ದರೆ ಗರ್ಭಕೋಶ, ಎರಡೂ ಅಂಡಾಶಯಗಳನ್ನು ತೆಗೆದು ಕಿಮೋಥೆರಪಿ ಕೊಡಲಾಗುತ್ತದೆ. ಅಂಡಾಶಯದೊಳಗೇ ಉಳಿದಿರುವಾಗ ಪತ್ತೆಯಾದರೆ ಫಲಿತಾಂಶ ಉತ್ತಮ. ಹೊರಗೆ ಹರಡಿದ ಮೇಲೆ ಬದುಕುಳಿಯುವ ಸಾಧ್ಯತೆ ಬಹಳ ಕುಗ್ಗುತ್ತದೆ.

ಉತ್ತರ ಕನ್ನಡದ ಘಟ್ಟದ ಮೇಲಿನ ತಾಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ರೋಗಿಗಳು ಕ್ಯಾನ್ಸರ್ ಚಿಕಿತ್ಸೆಗೆ ಸಾಮಾನ್ಯವಾಗಿ ಹುಬ್ಬಳ್ಳಿ, ಮಣಿಪಾಲ ಅಥವಾ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕಾಗುತ್ತದೆ. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿ.ಮೀ. ದೂರವಿದೆ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಬೇಡಿಕೆ 2022ರಲ್ಲಿ ಜನಾಂದೋಲನದ ರೂಪ ಪಡೆಯಿತು. ಆರು ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ ಮಾಡಿಸಬೇಕಾದ ಮರುಸ್ಕ್ಯಾನಿಂಗ್ ತಾಲೂಕು ಕೇಂದ್ರದಲ್ಲಿಯೇ ಸಾಧ್ಯ. ಹಳೆಯ ವರದಿಗಳನ್ನು ಜೋಪಾನವಾಗಿಟ್ಟುಕೊಂಡರೆ ಗಡ್ಡೆಯ ಬೆಳವಣಿಗೆಯನ್ನು ವೈದ್ಯರು ಹೋಲಿಸಿ ನೋಡಬಹುದು.