ರಾಗಿಯ ಕುಲಮೂಲ

ಕಳೆದ ಶ್ರಾವಣದಲ್ಲಿ ಕಬಿನಿಯ ಅಣೆಕಟ್ಟನ್ನು ನೋಡಿಕೊಂಡು ಬರುವಾಗ ಬೀಚನಹಳ್ಳಿಯ ಹೊರಗೆ ಒಂದು ರಾಗಿಹೊಲದ ಬದುವಿನಲ್ಲಿ ನಿಂತಿದ್ದೆ. ಕಳೆ ಕೀಳುತ್ತಿದ್ದ ಮುದುಕಿಯೊಬ್ಬರು ಹಸನಾದ ಪೈರೊಂದನ್ನು ಕಿತ್ತೆಸೆದರು. “ಅದೂ ರಾಗಿಯಲ್ಲವೇನವ್ವ?” ಎಂದೆ. “ರಾಗಿ ಅಂತ ಬುಟ್ರೆ ರಾಗೀನೇ ನುಂಗ್ಬುಡ್ತದೆ ಬುದ್ಧಿ” ಎಂದರು.

ಆ ಕಳೆಯ ಹೆಸರು ಸಸ್ಯಶಾಸ್ತ್ರದಲ್ಲಿ ಎಲ್ಯೂಸಿನ್ ಇಂಡಿಕಾ. ಅದು ರಾಗಿಯ ಹೆತ್ತವರ ಪೈಕಿ ಒಂದು! ಅದರ ಜೀವಕೋಶದಲ್ಲಿ 18 ವರ್ಣತಂತುಗಳಿವೆ, ರಾಗಿಯಲ್ಲಿ 36. ಬಹು ಹಿಂದೆ ಆಫ್ರಿಕದಲ್ಲಿ ಈ ಹುಲ್ಲಿಗೂ ಇನ್ನೊಂದು ಜಾತಿಯ ಹುಲ್ಲಿಗೂ ಸಂಕರವಾಯಿತು. ಇಂಥ ಮಿಶ್ರಸಂತಾನ ಹೇಸರಗತ್ತೆಯಂತೆ ಸಾಮಾನ್ಯವಾಗಿ ಬಂಜೆ. ವರ್ಣತಂತುಗಳಿಗೆ ಜೊತೆ ಸಿಕ್ಕದೆ ಬೀಜ ಕಟ್ಟುವುದಿಲ್ಲ. ಆದರೆ ಒಮ್ಮೊಮ್ಮೆ ವರ್ಣತಂತುಗಳೆಲ್ಲ ಇಮ್ಮಡಿಯಾಗಿ, ಒಂದೊಂದಕ್ಕೂ ಜೊತೆ ದೊರೆಯುತ್ತದೆ. ಬೀಜ ಕಟ್ಟುತ್ತದೆ, ಹೊಸ ಜಾತಿಯೊಂದು ಹುಟ್ಟುತ್ತದೆ. ಹೂಬಿಡುವ ಸಸ್ಯಗಳು ಇಷ್ಟೊಂದು ಬಗೆಯಾಗಿ ಕವಲೊಡೆದುದಕ್ಕೆ ಇದೂ ಒಂದು ಕಾರಣ.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನದೂ ಇದೇ ಕಥೆ. ದಕ್ಷಿಣ ಅಮೆರಿಕದ ಎರಡು ಕಾಡುಗಿಡಗಳ 24, 24 ಸೇರಿ ಅದಕ್ಕೆ 48. 1925ರಲ್ಲಿ ಕ್ಲಾಸೆನ್ ಮತ್ತು ಗುಡ್‌ಸ್ಪೀಡ್ ಎಂಬ ಅಮೆರಿಕನ್ ವಿಜ್ಞಾನಿಗಳು ಹೊಗೆಸೊಪ್ಪಿಗೆ ಅದರ ಕಾಡುನಂಟನೊಂದನ್ನು ಕೂಡಿಸಿ, 72 ವರ್ಣತಂತುಗಳ, ಬೀಜ ಕಟ್ಟುವ ಗಿಡವನ್ನು ಪಡೆದು, ಇದು ಬರಿಯ ಊಹೆಯಲ್ಲವೆಂದು ತೋರಿಸಿದರು.

ಹೊಗೆಸೊಪ್ಪಿಗೆ ತಾಯಿತಂದೆ ಇಬ್ಬರೂ ಗೊತ್ತು. ರಾಗಿಗೆ ಹಾಗಲ್ಲ. ಅದರ ಎರಡನೆಯ ಪಾಲು ಯಾವ ಹುಲ್ಲಿನಿಂದ ಬಂದಿತೋ ಆ ಹುಲ್ಲು ಇಂದಿನವರೆಗೂ ಸಿಕ್ಕಿಲ್ಲ. ಅದು ಅಳಿದೇಹೋಗಿರಬಹುದು. ಹಾಗಿದ್ದರೆ ಆ ವಂಶದ ಆಸ್ತಿ ಉಳಿದಿರುವುದು ರಾಗಿಯಲ್ಲಿ ಮತ್ತು ಆಫ್ರಿಕದ ಅದರ ಕಾಡುಬಂಧುವಿನಲ್ಲಿ.

ಕನಕದಾಸರ ‘ರಾಮಧಾನ್ಯಚರಿತ್ರೆ’ಯಲ್ಲಿ ಬತ್ತವು ರಾಗಿಯನ್ನು ಹೀನವೆಂದು ಹಳಿಯುವುದನ್ನು ತರಗತಿಯಲ್ಲಿ ಪಾಠ ಹೇಳಿದ್ದೇನೆ. ಅಲ್ಲಿ ತೀರ್ಪು ಕೊಟ್ಟವನು ರಾಮ. ಬತ್ತದ ಕುಲವನ್ನು ಕೆದಕಿದರೂ, ಎರಡಕ್ಕೂ ಮೂಲವಾದ ಪುರಾತನ ಹುಲ್ಲಿನಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಇದೇ ಇಮ್ಮಡಿಯಾಟ ನಡೆದಿದೆ. ಬತ್ತಕ್ಕೆ ಅದು ತಿಳಿದಿರಲಿಲ್ಲ, ಅಷ್ಟೆ.

ಪೂರ್ವ ಆಫ್ರಿಕದ ಎತ್ತರದ ಸೀಮೆಗಳಲ್ಲಿ ಒಕ್ಕಲಿಗರ ಕೈಗೆ ಸಿಕ್ಕಿ ಪಳಗಿದ ರಾಗಿ ಸಮುದ್ರ ದಾಟಿ ನಮ್ಮಲ್ಲಿಗೆ ಬಂದಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಮತ್ತೆ ಕೂಡಿಸಿದರು. ಕಣ್ಣಿಗೆ ಕಾಣಿಸದಷ್ಟು ಸಣ್ಣ ಹೂವು, ಅದೂ ಸ್ವಕೀಯ ಪರಾಗಸ್ಪರ್ಶದ್ದು. ಎಷ್ಟು ತಾಳ್ಮೆಯ ಕೆಲಸವೆಂದು ಊಹಿಸಬಹುದು. ಹುಟ್ಟಿದ ತಳಿಗಳಿಗೆ ಎರಡೂ ನಾಡುಗಳ ಹೆಸರು ಕೂಡಿಸಿ ‘ಇಂಡಾಫ್’ ಎಂದರು. 2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಶೈಲಜಾ ಹಿತ್ತಲಮನಿಯವರೂ ಸಂಗಡಿಗರೂ ಎಂಎಲ್-365 ಎಂಬ ತಳಿಯ ವಂಶಲಿಪಿಯನ್ನು ಓದಿ ಪ್ರಕಟಿಸಿದರು. ಆ ಲಿಪಿಯಲ್ಲಿ ಅರ್ಧ, ಬೀಚನಹಳ್ಳಿಯ ಬದುವಿನಲ್ಲಿ ಬಾಡುತ್ತ ಬಿದ್ದಿದ್ದ ಹುಲ್ಲಿನ ವಂಶದ್ದು.