ತೂಬಿನಿಂದ ಫಾಗರ್‌ವರೆಗೆ: ಹಾವೇರಿ ಸೀಮೆಯಲ್ಲಿ ಸೋರಿಕೆ ತಡೆದ ಬಗೆ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ನೀರಾವರಿ ಚರಿತ್ರೆಯನ್ನು ಕೆರೆ, ಬಾವಿ, ಕಾಲುವೆಗಳ ಲೆಕ್ಕದಲ್ಲಿ ಹೇಳುವುದು ರೂಢಿ. ಸೋರಿಕೆಯ ಕಡೆಯಿಂದಲೂ ಅದನ್ನು ಹೇಳಬಹುದು. ನೀರನ್ನು ಹಿಡಿದಿಡುವ, ಎತ್ತುವ, ಸಾಗಿಸುವ ಪ್ರತಿಯೊಂದು ಸಾಧನದಲ್ಲೂ ಎರಡು ವಸ್ತುಗಳು ಕೂಡುವ ಜಾಗ ಇದ್ದೇ ಇರುತ್ತದೆ: ತೂಬಿನಲ್ಲಿ ಕಲ್ಲಿನ ಸಂದು, ಮಟ್ಟಿಯಲ್ಲಿ ತೊಗಲಿನ ಹೊಲಿಗೆ, ಪಂಪಿನಲ್ಲಿ ವಾಷರ್, ಹನಿ ನೀರಾವರಿಯಲ್ಲಿ ಜಾಯಿನರ್. ನೀರು ಮೊದಲು ತಪ್ಪಿಸಿಕೊಳ್ಳುವುದು ಅಲ್ಲಿಯೇ. ಆ ಸಂದನ್ನು ಯಾರು ಮುಚ್ಚುತ್ತಿದ್ದರು, ಏನಿಟ್ಟು ಮುಚ್ಚುತ್ತಿದ್ದರು, ಅವರ ದುಡಿಮೆಗೆ ಏನು ಸಲ್ಲುತ್ತಿತ್ತು ಎಂಬುದು ಕಾಲದಿಂದ ಕಾಲಕ್ಕೆ ಬದಲಾಗಿದೆ.

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾದ ಹಾವೇರಿಗೆ ನದಿಗಳ ಕೊರತೆಯಿಲ್ಲ. ವರದಾ ನದಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಕುಮುದ್ವತಿ ರಾಣೆಬೆನ್ನೂರು ತಾಲ್ಲೂಕಿನಲ್ಲಿ ಅದೇ ನದಿಗೆ ಕೂಡುತ್ತದೆ. ಆದರೆ ನದಿಯ ದಂಡೆ ಬಿಟ್ಟು ಒಳಗೆ ಬಂದರೆ ಮಳೆಯೇ ಗತಿ. ಪಶ್ಚಿಮದ ಹಾನಗಲ್ಲಿಗೆ ಮಲೆನಾಡಿನ ಸೆರಗು ತಾಗಿದೆ. ಪೂರ್ವದ ರಾಣೆಬೆನ್ನೂರಿಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ಹೀಗಾಗಿ ಈ ಬಯಲಿನಲ್ಲಿ ನೀರನ್ನು ಸೋರಗೊಡದಿರುವುದು ನೀರನ್ನು ತರುವಷ್ಟೇ ದೊಡ್ಡ ಕೆಲಸವಾಗಿತ್ತು.

ಕೆರೆಯ ತೂಬು

ಹಾವೇರಿಯ ಹೆಗ್ಗೇರಿ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಕೆರೆ, ಕುಮುದ್ವತಿಗೆ ಗುಡ್ಡಗಳ ನಡುವೆ ಒಡ್ಡು ಹಾಕಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗ-ಮಾಸೂರು ಕೆರೆ, ಇವೆಲ್ಲ ಈ ಸೀಮೆಯ ಹಳೆಯ ನೀರಾಸರೆಗಳು. ಕೆರೆಯ ಬಲ ಏರಿಯಲ್ಲಿದ್ದರೆ, ಅದರ ಮರ್ಮಸ್ಥಾನ ತೂಬಿನಲ್ಲಿ. ಕೆರೆಯೊಳಗೆ ಎರಡು ಕಲ್ಲುಕಂಬ ನೆಟ್ಟು, ಅವುಗಳ ನಡುವೆ ತೂತುಳ್ಳ ಅಡ್ಡಗಲ್ಲುಗಳನ್ನು ಕೂರಿಸುತ್ತಿದ್ದರು. ಆ ತೂತುಗಳ ಮೂಲಕ ಇಳಿದ ಮರದ ಕೋಲಿನ ತುದಿಯಲ್ಲಿ ಬಿರಡೆ ಇರುತ್ತಿತ್ತು. ಕೋಲನ್ನು ಎತ್ತಿದರೆ ಬುಡದ ಕಲ್ಲಿನ ಬಾಯಿ ತೆರೆದು, ಏರಿಯ ಅಡಿಯ ಕಲ್ಲುಗಾಲುವೆಯಲ್ಲಿ ನೀರು ಗದ್ದೆಗೆ ಹರಿಯುತ್ತಿತ್ತು.

ತೂಬು ಸೋರುವುದು ಎರಡು ಕಡೆ. ಮೊದಲನೆಯದು ಬಿರಡೆಯ ಬಾಯಿ. ಮರ ಸವೆದಂತೆ ಸುತ್ತ ಸಂದು ಬೀಳುತ್ತದೆ. ಜೇಡಿಮಣ್ಣು, ಹುಲ್ಲು, ಹಳೆಯ ಬಟ್ಟೆ ತುರುಕಿದರೆ ಮೇಲಿನ ನೀರಿನ ಭಾರವೇ ಅವನ್ನು ಒತ್ತಿ ಕೂರಿಸುತ್ತದೆ. ಎರಡನೆಯದು ಏರಿಯ ಅಡಿಯ ಕಲ್ಲುಗಾಲುವೆ. ಅಲ್ಲಿ ಕಲ್ಲಿನ ನಡುವಿನ ಗಾರೆ ಬಿಟ್ಟರೆ ನೀರು ಏರಿಯ ಮಣ್ಣನ್ನು ಒಳಗೊಳಗೇ ಕೊರೆಯತೊಡಗುತ್ತದೆ. ಏರಿಯ ಹೊರಮಗ್ಗುಲಲ್ಲಿ ಒಸರುವ ನೀರು ತಿಳಿಯಾಗಿದ್ದರೆ ಭಯವಿಲ್ಲ. ಕೆಸರಾಗಿ ಬಂದರೆ ಮಣ್ಣು ಕೊಚ್ಚಿಹೋಗುತ್ತಿದೆ ಎಂದೇ ಅರ್ಥ. ಆ ವ್ಯತ್ಯಾಸವನ್ನು ಗುರುತಿಸುವುದು ಕೆರೆಯ ನೀರು ಬಿಡುವ ನೀರುಗಂಟಿಯ ಕೆಲಸ. ದುರಸ್ತಿಗೆ ಬೇಸಿಗೆಯಲ್ಲಿ ಕೆರೆ ಬತ್ತುವವರೆಗೆ ಕಾಯಬೇಕಿತ್ತು. ಆಗ ಕಲ್ಲುಕೆಲಸದ ಒಡ್ಡರು ಕಲ್ಲು ಬಿಚ್ಚಿ, ಗಾರೆ ಹಾಕಿ ಮತ್ತೆ ಕೂರಿಸುತ್ತಿದ್ದರು.

ಈ ಕೆಲಸಕ್ಕೆ ಹಣದ ದಾರಿಯನ್ನು ಕೆರೆ ಕಟ್ಟುವಾಗಲೇ ಗೊತ್ತುಮಾಡುತ್ತಿದ್ದರು. ಕೆರೆಗೊಡಗೆ, ಕಟ್ಟುಕೊಡಗೆ, ಬಿತ್ತುವಟ್ಟ ಎಂದು ಕನ್ನಡ ಶಾಸನಗಳು ಹೇಳುವ ದತ್ತಿಗಳಲ್ಲಿ ಕೆರೆ ಕಟ್ಟಿದವರಿಗೆ ಸಂದ ಪ್ರತಿಫಲವೂ ಇದೆ, ಕೆರೆಯ ಪಾಲನೆಗೆ ಮೀಸಲಿಟ್ಟ ಭೂಮಿ ಮತ್ತು ಬೆಳೆಯ ಪಾಲೂ ಇದೆ. ಮಣ್ಣು ಹೊರುವ ಬಂಡಿಗೂ ಬಂಡಿಯ ಎತ್ತಿಗೂ ಖರ್ಚಿನ ಏರ್ಪಾಡಿರುತ್ತಿತ್ತು. 1818ರ ನಂತರ ಸೀಮೆ ಬ್ರಿಟಿಷರ ಮುಂಬಯಿ ಆಡಳಿತಕ್ಕೆ ಸೇರಿತು. ಇನಾಮುಗಳ ತಪಾಸಣೆ ನಡೆಯಿತು, ಹೊಸ ಕಂದಾಯ ಪದ್ಧತಿ ಬಂತು, ದೊಡ್ಡ ಕೆರೆಗಳು ಸರಕಾರದ ಇಲಾಖೆಯ ಕೈಸೇರಿದವು. ಕೊಡಗೆಯ ಹೊಲದಿಂದ ತೂಬಿನ ದುರಸ್ತಿಗೆ ಸಲ್ಲುತ್ತಿದ್ದ ಪಾಲು ನಿಂತುಹೋಯಿತು.

ಮಟ್ಟಿಯ ತೊಗಲು

ಕೆರೆಯ ನೀರು ಹರಿಯದ ಹೊಲಕ್ಕೆ ಬಾವಿಯೇ ಆಧಾರ. ಹಳೆ ಮೈಸೂರಿನವರು ಕಪಿಲೆ ಎನ್ನುವ ಸಾಧನಕ್ಕೆ ಉತ್ತರ ಕರ್ನಾಟಕದಲ್ಲಿ ಮಟ್ಟಿ ಎಂದು ಹೆಸರು. 1800-01ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿ ತುಂಗಭದ್ರೆಯ ಆಚೆ ದಡದ ಹರಿಹರದವರೆಗೂ ಬಂದಿದ್ದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ ಕಪಿಲೆಯನ್ನೂ ಸನ್ನೆಕೋಲಿನಿಂದ ನೀರೆತ್ತುವ ಯಾತವನ್ನೂ ವಿವರಿಸಿದ್ದಾನೆ.

ಮಟ್ಟಿ ಎಂದರೆ ಎರಡು ಬಾಯಿಯ ತೊಗಲ ಚೀಲ. ಅಗಲವಾದ ಮೇಲಿನ ಬಾಯಿಗೆ ಕಬ್ಬಿಣದ ಬಳೆ. ಕೆಳಗೆ ಉದ್ದನೆಯ ಸೊಂಡಿಲು. ಮೇಲಿನ ಬಾಯಿಗೆ ದಪ್ಪ ಮಿಣಿ, ಸೊಂಡಿಲಿಗೆ ತೆಳು ಹಗ್ಗ. ಎತ್ತುಗಳು ಇಳಿಜಾರಿನಲ್ಲಿ ನಡೆದಂತೆ ಚೀಲ ಮೇಲೇರುತ್ತದೆ. ಏರುವಾಗ ಸೊಂಡಿಲು ಮಡಚಿಕೊಂಡು ಮೇಲ್ಮುಖವಾಗಿರುವುದರಿಂದ ನೀರು ಚೆಲ್ಲುವುದಿಲ್ಲ. ದಂಡೆಗೆ ಬಂದೊಡನೆ ತೆಳು ಹಗ್ಗ ಸೊಂಡಿಲನ್ನು ಹೊರಕ್ಕೆಳೆದು ನೀರನ್ನು ಕಲ್ಲಿನ ದೋಣಿಗೆ ಸುರಿಯುತ್ತದೆ. ಒಂದು ಸಲಕ್ಕೆ ನೂರರಿಂದ ಇನ್ನೂರು ಲೀಟರು ನೀರು ಮೇಲೆ ಬರುತ್ತಿತ್ತು.

ಸೋರಿಕೆ ಕಾಣಿಸುತ್ತಿದ್ದುದು ಬಳೆಗೆ ತೊಗಲು ಹೊಲಿದ ಕಡೆ ಮತ್ತು ಚೀಲಕ್ಕೆ ಸೊಂಡಿಲು ಕೂಡಿದ ಕಡೆ. ಮಟ್ಟಿ ಎಷ್ಟೇ ಸೋರಿದರೂ ಎತ್ತಿನ ನಡಿಗೆಯೇನೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ದೋಣಿಗೆ ಬೀಳುವ ನೀರು ಮಾತ್ರ. ತೊಗಲು ಒಣಗಿದರೆ ಬಿರಿಯುತ್ತದೆ, ನೀರಿನಲ್ಲೇ ಬಿದ್ದಿದ್ದರೆ ಕೊಳೆಯುತ್ತದೆ. ಅದಕ್ಕಾಗಿ ಆಗಾಗ ಔಡಲ ಎಣ್ಣೆ ತಿಕ್ಕಿ ಮೆತ್ತಗೆ ಇಡುತ್ತಿದ್ದರು. ಒಣಗಿದ ಮಟ್ಟಿಯನ್ನು ನೆನೆಸದೆ ಬಾವಿಗೆ ಇಳಿಸುತ್ತಿರಲಿಲ್ಲ. ಹರಿದ ಕಡೆ ತೇಪೆ ಇಟ್ಟು ತೊಗಲ ದಾರದಿಂದಲೇ ಹೊಲಿಯುತ್ತಿದ್ದರು. ನೆನೆದಾಗ ದಾರವೂ ತೊಗಲೂ ಒಟ್ಟಿಗೇ ಉಬ್ಬಿ ಹೊಲಿಗೆಯ ತೂತು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಈ ಹೊಲಿಗೆ ಊರಿನ ತೊಗಲು ಕೆಲಸದ ಕುಟುಂಬಗಳದ್ದು. ಅವರಿಗೆ ಕೆಲಸಕ್ಕೆ ಇಷ್ಟೆಂದು ದುಡ್ಡು ಸಿಗುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಊರಿನ ಕಸುಬುದಾರರ ಪಾಲಾದ ಆಯದ ಕಾಳು ಸಲ್ಲುತ್ತಿತ್ತು. ಊರಿನ ಬಾವಿಗಳೆಲ್ಲ ಅವರ ಕೈಯ ಹೊಲಿಗೆಯನ್ನು ನಂಬಿದ್ದರೂ, ಜಾತಿಯ ಕಟ್ಟು ಅದೇ ಕೈಗಳನ್ನು ಕುಡಿಯುವ ನೀರಿನ ಬಾವಿಯಿಂದ ದೂರವಿಟ್ಟಿತ್ತು.

1880ರ ದಶಕದಲ್ಲಿ ಹುಬ್ಬಳ್ಳಿ-ಹರಿಹರ ನಡುವೆ ರೈಲು ಹಳಿ ಬಿದ್ದು, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ನಿಲ್ದಾಣಗಳಾದವು. ಕಬ್ಬಿಣದ ಸರಕು ಪೇಟೆಗೆ ಸಲೀಸಾಗಿ ಬರತೊಡಗಿತು. ಮುಂದೆ ಮುಂಬಯಿ ಪ್ರಾಂತ್ಯದಲ್ಲಿ ತಗಡಿನ ಮಟ್ಟಿಗಳು ಬಳಕೆಗೆ ಬಂದವು. ಅವುಗಳಿಗೂ ಸೊಂಡಿಲು ಮಾತ್ರ ತೊಗಲಿನದೇ; ಮಡಚುವ ಜಾಗದಲ್ಲಿ ತಗಡು ನಡೆಯುವುದಿಲ್ಲ.

ಫುಟ್‌ವಾಲ್ವ್ ಮತ್ತು ಸೈಕಲ್ ಟ್ಯೂಬು

ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಡೀಸೆಲ್ ಎಂಜಿನ್, ಆಮೇಲೆ ವಿದ್ಯುತ್ ಮೋಟಾರು ಮಟ್ಟಿಯ ಜಾಗಕ್ಕೆ ಬಂದವು.  1960ರ ದಶಕದಲ್ಲಿ ಶರಾವತಿಯ ವಿದ್ಯುತ್ ಬಂದ ಮೇಲೆ ರಾಜ್ಯದ ಹಳ್ಳಿಗಳಲ್ಲಿ ಪಂಪ್‌ಸೆಟ್‌ಗಳು ಹೆಚ್ಚಿದವು.

ಪಂಪಿನೊಂದಿಗೆ ಸೋರಿಕೆಯ ಸ್ವಭಾವವೂ ಬದಲಾಯಿತು. ಹೀರುವ ಪೈಪಿನಲ್ಲಿ ಸಂದು ಬಿದ್ದರೆ ನೀರು ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ. ಪಂಪು ತಿರುಗುತ್ತಲೇ ಇರುತ್ತದೆ, ನೀರು ಏರುವುದಿಲ್ಲ. ಗಾಳಿಯ ಒತ್ತಡ ನೀರನ್ನು ತತ್ತ್ವಶಃ ಸುಮಾರು 10 ಮೀಟರ್‌ವರೆಗೆ ಎತ್ತಬಲ್ಲದು. ವ್ಯವಹಾರದಲ್ಲಿ ಸಿಗುವುದು ಆರೇಳು ಮೀಟರ್. ಆದ್ದರಿಂದ ನೀರು ಇಳಿದಂತೆ ಬಾವಿಯ ಗೋಡೆಯಲ್ಲೇ ಕಟ್ಟೆ ಮಾಡಿ ಪಂಪನ್ನು ಕೆಳಗಿಳಿಸುತ್ತಿದ್ದರು. ಹೀರುವ ಪೈಪಿನ ಬುಡದಲ್ಲಿರುವ ಫುಟ್‌ವಾಲ್ವಿನ ತೊಗಲ ವಾಷರ್ ಸವೆದರೆ ಪೈಪಿನ ನೀರು ಬಾವಿಗೆ ಇಳಿದುಹೋಗುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಕೊಡದಿಂದ ನೀರು ತುಂಬಬೇಕು. ಆಗ ಸೆಗಣಿ ಕದಡಿದ ನೀರನ್ನು ಪಂಪಿಗೆ ಹೊಯ್ಯುವುದು ರೈತರ ಉಪಾಯ. ಸೆಗಣಿಯ ನಾರು ಸಂದಿನಲ್ಲಿ ಸಿಕ್ಕಿಕೊಂಡು ಒಂದಷ್ಟು ಹೊತ್ತು ನೀರು ಇಳಿಯುವುದನ್ನು ತಡೆಯುತ್ತದೆ.

ಕಬ್ಬಿಣದ ಪೈಪಿನ ಥ್ರೆಡ್ಡಿಗೆ ಸಣಬಿನ ನಾರು ಸುತ್ತಿ ಸಫೇದ ಹಚ್ಚುವುದು, ಶಾಫ್ಟಿನ ಸುತ್ತ ಗ್ಲಾಂಡ್ ದಾರ ತುಂಬುವುದು, ಒಡೆದ ಪೈಪಿಗೆ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಬಿಗಿಯುವುದು ಈ ಕಾಲದ ವಿದ್ಯೆಗಳು. ದುರಸ್ತಿ ಊರಿನ ಆಯಗಾರರ ಕೈಬಿಟ್ಟು ಪೇಟೆಯ ಗ್ಯಾರೇಜಿಗೆ, ವೈಂಡಿಂಗ್ ಅಂಗಡಿಗೆ ಹೋಯಿತು. ಕಾಳಿನ ಬದಲು ನಗದು ಬಂತು. ಕೊಳವೆಬಾವಿ ಹೆಚ್ಚಿದ ಮೇಲೆ ಸಂದುಗಳೆಲ್ಲ ನೆಲದೊಳಗೆ ಸೇರಿದವು. ಕಬ್ಬಿಣದ ಪೈಪು ತುಕ್ಕು ಹಿಡಿದು ತೂತು ಬಿದ್ದರೆ ಮೋಟಾರು ಎತ್ತಿದಾಗಲಷ್ಟೇ ತಿಳಿಯುತ್ತದೆ.

ಬೀಜದ ಹೊಲಕ್ಕೆ ಹನಿ ನೀರು

ಸಣ್ಣ ಸೋರಿಕೆಗೂ ಬೆಲೆ ಬಂದದ್ದು ಬೀಜೋತ್ಪಾದನೆಯಿಂದ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ವರಲಕ್ಷ್ಮಿ ಹೈಬ್ರಿಡ್ ಹತ್ತಿಯನ್ನು ರೂಪಿಸಿದರು. 1973ರಲ್ಲಿ ಬೆಂಗಳೂರಿನ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ ಟೊಮೆಟೊ, ದಪ್ಪಮೆಣಸಿನಕಾಯಿಗಳ ಹೈಬ್ರಿಡ್ ತಳಿಗಳನ್ನು ತಂದಿತು. ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಹೊಸದಾಗಿ ತಯಾರಿಸಬೇಕು. ಮೊಗ್ಗಿನ ಕೇಸರ ಕಿತ್ತು, ಇನ್ನೊಂದು ಗಿಡದ ಪರಾಗವನ್ನು ಕೈಯಿಂದ ಮುಟ್ಟಿಸಬೇಕು. ಹೆಣ್ಣುಮಕ್ಕಳ ಕೈಚಳಕವೇ ಮುಖ್ಯವಾದ ಈ ಕಸುಬು ರಾಣೆಬೆನ್ನೂರು ಸೀಮೆಯಲ್ಲಿ ನೆಲೆಯೂರಿ, ತರಕಾರಿ ಬೀಜದ ಉತ್ಪಾದನೆಗೆ ತಾಲ್ಲೂಕು ಹೆಸರಾಯಿತು. ಪಕ್ಕದ ಬ್ಯಾಡಗಿಯದು ಒಣಮೆಣಸಿನಕಾಯಿಯ ಪೇಟೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿತು. ಆ ಮೆಣಸಿನ ಬೆಳೆ ಬಹುತೇಕ ಮಳೆಯಾಶ್ರಿತ ಎರೆಹೊಲದ್ದು. ಬೀಜದ ಬೆಳೆಗೆ ಹಾಗಲ್ಲ, ಅಳೆದ ನೀರು ದಿನವೂ ಬೇಕು.

ಅದಕ್ಕೆ ಒದಗಿದ್ದು ಹನಿ ನೀರಾವರಿ. ಆ ಪದ್ಧತಿಯ ಹುಟ್ಟಿಗೂ ಒಂದು ಸೋರಿಕೆಯೇ ಕಾರಣ. 1930ರ ದಶಕದಲ್ಲಿ ಸಿಂಚಾ ಬ್ಲಾಸ್ ಎಂಬ ಎಂಜಿನಿಯರು ಸಾಲಿನಲ್ಲಿ ಒಂದೇ ಮರ ಉಳಿದವಕ್ಕಿಂತ ಎತ್ತರ ಬೆಳೆದದ್ದನ್ನು ಕಂಡು ಹುಡುಕಿದಾಗ, ಅದರ ಬುಡದಲ್ಲಿ ಪೈಪಿನ ಕೂಡುಜಾಗ ಹನಿಯುತ್ತಿತ್ತಂತೆ. ಇಸ್ರೇಲಿನ ಹಟ್ಜೆರಿಮ್ ಕಿಬ್ಬುಟ್ಜ್ 1965ರಲ್ಲಿ ಅವರೊಂದಿಗೆ ಸೇರಿ ಹನಿ ನೀರಾವರಿಯ ಮೊದಲ ಉದ್ಯಮ ಆರಂಭಿಸಿತು. ಭಾರತದಲ್ಲಿ ಇದು 1980ರ ದಶಕದ ಕೊನೆಯಿಂದ ಹರಡಿತು. ಹನುಮನಮಟ್ಟಿಯ ಕೃಷಿ ಕಾಲೇಜು ಮತ್ತು ಕೃಷಿ ವಿಜ್ಞಾನ ಕೇಂದ್ರ, ದೇವಿಹೊಸೂರಿನ ತೋಟಗಾರಿಕೆ ಎಂಜಿನಿಯರಿಂಗ್ ಕಾಲೇಜು ಈ ಸೀಮೆಯಲ್ಲಿ ಇಂಥ ವಿದ್ಯೆ ಕಲಿಸುವ ಸಂಸ್ಥೆಗಳು.

ಹನಿ ಕೊಳವೆಯಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ಒಂದು ಡ್ರಿಪ್ಪರ್ ಗಂಟೆಗೆ ನಾಲ್ಕು ಲೀಟರು ಕೊಡುತ್ತದೆ ಎಂದಿಟ್ಟುಕೊಂಡರೆ, ಅದೇ ಒತ್ತಡದಲ್ಲಿ ಎರಡು ಮಿಲಿಮೀಟರ್ ಅಗಲದ ತೂತು ಗಂಟೆಗೆ ತೊಂಬತ್ತು ಲೀಟರಿಗೂ ಮಿಕ್ಕಿ ಚೆಲ್ಲುತ್ತದೆ. ಇಪ್ಪತ್ತಕ್ಕೂ ಹೆಚ್ಚು ಗಿಡಗಳ ಪಾಲು ಒಂದೇ ಕಡೆ ಹೋಗಿ, ಸಾಲಿನ ಕೊನೆಯ ಗಿಡ ಬಾಡುತ್ತದೆ. ಬೇಸಿಗೆಯಲ್ಲಿ ನೀರಿಗಾಗಿ ಕೊಳವೆ ಕಡಿಯುವ ಇಲಿ, ಅಳಿಲು, ಬಿಸಿಲಿಗೆ ಗಡುಸಾಗುವ ಗ್ರೋಮೆಟ್ ಎಂಬ ರಬ್ಬರ್ ಬಳೆ, ಎಳೆದಾಡಿದಾಗ ಸಡಿಲಾಗುವ, ಪೈಪಿನಿಂದ ಕೊಳವೆ ಕವಲೊಡೆಯುವ ಟೇಕಾಫ್, ಇವು ಇಲ್ಲಿನ ಸಾಮಾನ್ಯ ತೊಂದರೆಗಳು.

ಫಾಗರಿನ ಸಂದು

ಸಸಿಮನೆ, ನೆರಳುಪರದೆಯ ಮನೆಗಳಲ್ಲಿ ಮಂಜಿನಂತೆ ನೀರು ಚಿಮ್ಮಿಸುವ ಫಾಗರ್ ಈ ಸರಣಿಯ ಇತ್ತೀಚಿನ ಸಾಧನ. ಬಿಸಿಲು ಏರಿದಾಗ ಹೂ ಉದುರದಂತೆ ತಂಪು ಕೊಡುವುದು, ಸಸಿಗೆ ತೇವ ಉಳಿಸುವುದು ಇದರ ಕೆಲಸ. ನೀರು ಮಂಜಾಗಬೇಕಾದರೆ ಮೂರು-ನಾಲ್ಕು ಕಿಲೋ ಒತ್ತಡ ಬೇಕು. ಹನಿ ಕೊಳವೆಯಲ್ಲಿ ತಡೆದುಕೊಂಡ ಸಂದು ಇಲ್ಲಿ ಬಿಟ್ಟುಕೊಳ್ಳುತ್ತದೆ. ಸೋರಿದ ಹನಿ ತಟ್ಟೆಯ ಮೇಲೆ ಬಿದ್ದಲ್ಲಿ ಸಸಿಯ ಬುಡ ಕೊಳೆಯುತ್ತದೆ. ಬೀಜದ ಗಿಡದಲ್ಲಾದರೆ ನೀರು ತಾಗಿದ ಪರಾಗ ಒಡೆದು ಕೆಡುತ್ತದೆ.

ಪಿವಿಸಿ ಪೈಪನ್ನು ಸಲ್ಯೂಷನ್ ಹಚ್ಚಿ ಒಂದಾಗಿಸಬಹುದು. ಕಪ್ಪು ಪಾಲಿಥಿನ್ ಕೊಳವೆಗೆ ಆ ಅಂಟು ಹಿಡಿಯುವುದಿಲ್ಲ. ಜಾಯಿನರಿನ ಏಣುಗಳ ಮೇಲೆ ಅದು ಬಿಗಿದು ಕೂತಿರಬೇಕು, ಅಷ್ಟೇ. ಆದ್ದರಿಂದ ದುರಸ್ತಿಯ ಕ್ರಮ ಹೀಗಿರುತ್ತದೆ: ಮೋಟಾರು ನಿಲ್ಲಿಸಿ ಒತ್ತಡ ಇಳಿಸುವುದು, ಹಿಗ್ಗಿಹೋದ ತುದಿಯನ್ನು ಒಂದಿಂಚು ಹರಿತ ಬ್ಲೇಡಿನಿಂದ ನೇರವಾಗಿ ಕತ್ತರಿಸಿ ತೆಗೆಯುವುದು, ಹೊಸ ತುದಿಯನ್ನು ಕೆಲವು ಕ್ಷಣ ಬಿಸಿನೀರಿನಲ್ಲಿ ಅದ್ದಿ ಕೊನೆಯ ಏಣು ದಾಟುವವರೆಗೆ ತಳ್ಳುವುದು. ಬೆಂಕಿಕಡ್ಡಿ ಗೀರಿ ಕಾಯಿಸಿದರೆ ಕೊಳವೆಯ ಗೋಡೆ ತೆಳುವಾಗಿ ಕೆಲವೇ ದಿನಗಳಲ್ಲಿ ಮತ್ತೆ ಸೋರುತ್ತದೆ. ಟೆಫ್ಲಾನ್ ಟೇಪು ಥ್ರೆಡ್ ಇರುವ ಕಡೆಗೆ ಮಾತ್ರ, ಅದೂ ತಿರುಪು ಬಿಗಿಯುವ ದಿಕ್ಕಿನಲ್ಲಿ ಮೂರು-ನಾಲ್ಕು ಸುತ್ತು. ಪ್ಲಾಸ್ಟಿಕ್ ತಿರುಪನ್ನು ಪಾನಾ ಹಾಕಿ ಅತಿಯಾಗಿ ಬಿಗಿದರೆ ಸೀಳುತ್ತದೆ. ಎಲ್ಲ ಮುಗಿದ ಮೇಲೆ ಎಂಡ್ ಕ್ಯಾಪ್ ತೆಗೆದು, ಒಳಸೇರಿದ ಮಣ್ಣು ಹೋಗುವವರೆಗೆ ನೀರು ಬಿಡಬೇಕು. ಇಲ್ಲದಿದ್ದರೆ ನಾಜಲ್ ಕಟ್ಟುತ್ತದೆ. ಮೋಟಾರು ನಿಂತ ಮೇಲೂ ಫಾಗರ್ ತೊಟ್ಟಿಕ್ಕುತ್ತಿದ್ದರೆ ತಪ್ಪು ಸಂದಿನದಲ್ಲ. ಒತ್ತಡ ಇಳಿದೊಡನೆ ಮುಚ್ಚಿಕೊಳ್ಳಬೇಕಾದ ಸಣ್ಣ ವಾಲ್ವಿನಲ್ಲಿ ಕಸ ಅಥವಾ ಉಪ್ಪು ಕೂತಿರುತ್ತದೆ.

ತೂಬಿಗೆ ಕೊಡಗೆಯ ಭೂಮಿ ಇತ್ತು, ಮಟ್ಟಿಗೆ ಕಣದ ಕಾಳು ಸಲ್ಲುತ್ತಿತ್ತು. ಇಂದಿನ ಸಹಾಯಧನ ಹೊಸ ಕೊಳವೆ ಹಾಸಲು ದೊರೆಯುತ್ತದೆ. ವರ್ಷವಿಡೀ ಬೇಕಾಗುವ ಗ್ರೋಮೆಟ್, ಜಾಯಿನರ್, ವಾಷರುಗಳ ಖರ್ಚೂ ಅವನ್ನು ಕೂರಿಸುವ ದುಡಿಮೆಯೂ ರೈತನ ಪಾಲಿಗೇ ಉಳಿದಿವೆ. ಕೆರೆ ಕಟ್ಟುವುದರ ಜೊತೆಗೆ ಸಂದು ಕಾಯುವುದಕ್ಕೂ ಏರ್ಪಾಡು ಮಾಡಿದ ಹಳೆಯ ಪದ್ಧತಿಯ ವಿವೇಕ, ಅದರ ಜಾತಿಯ ಕಟ್ಟನ್ನು ಬಿಟ್ಟು, ಇಂದಿನ ಯೋಜನೆಗಳಿಗೂ ಬೇಕಾಗಿದೆ.